ಹಾಲಮ್ಮನ ಬಾರಿನ ತಣ್ಣನೆ ಗಡಿಗೆ

ಕೇಳಿ ಇಲ್ಲಿ, ಪೂರ್ತಿ ಕೇಳಿ, ‘ಅಯ್ಯೋ ಕುಡುಕರ ಕಥೆ’ ಎಂದು ಅರ್ಧಕ್ಕೇ ಎದ್ದು ಹೋಗಬೇಡಿ. ಕುಡಿತ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಇದು ಹೊಟ್ಟೆಕಿಚ್ಚಿನ ಕಥೆ, ಅದೂ ಯಾರದ್ದೋ ಅಲ್ಲ, ನನ್ನದೇ. ಮೊನ್ನೆ ಮೊನ್ನೆ ನಡೆದದ್ದು, ಇನ್ನೂ ನಡೆಯುತ್ತಲೇ ಇದೆ, ಯಾರಿಗಾದರೂ ಹೇಳಿಬಿಡದಿದ್ದರೆ ನನ್ನ ತಲೆ ಕೆಡುತ್ತದೆ.

ನಮ್ಮೂರಿನಲ್ಲಿ ಯಾವುದೂ ತಾನಾಗಿ ತಣ್ಣಗಾಗುವುದಿಲ್ಲ. ಫ್ರಿಜ್ಜುಗಳಿವೆ, ಗುಂಯ್ ಎನ್ನುತ್ತವೆ, ಬಾಗಿಲು ತೆಗೆದರೆ ದೀಪವೂ ಹತ್ತುತ್ತದೆ. ಅದರೊಳಗೆ ನಾವು ಮಡಿಸಿದ ಬಟ್ಟೆ ಇಡುತ್ತೇವೆ. ಕೈಯಲ್ಲಿರುವ ಲೋಟ ತಣ್ಣಗಾಗಬೇಕಾದರೆ ಅದನ್ನು ಹಿಡಿದವರನ್ನು ನೋಡಿ ಎದುರಿಗಿರುವ ಯಾರಾದರೂ ಕರುಬಬೇಕು. ನಾಟಕ ನಡೆಯುವುದಿಲ್ಲ. ಹೊಟ್ಟೆಯೊಳಗೆ ನಿಜವಾಗಿ ಉರಿಯಬೇಕು, ಆಗಲೇ ಲೋಟದ ಹೊರಮೈ ಬೆವರುವುದು. ಓರಗಿತ್ತಿಯರು ಕೂಡಿ ಬಾಳುವ ಮನೆಗಳಲ್ಲಿ ನೀರು ಹಲ್ಲು ಜುಮ್ಮೆನ್ನುವಷ್ಟು ತಂಪು. ನಮ್ಮವ್ವ ಬೇಸಿಗೆಯಲ್ಲಿ ನೆಂಟರು ಬಂದರೆ ಮಜ್ಜಿಗೆ ಚೊಂಬನ್ನು ಅವರ ಕೈಗೆ ಕೊಟ್ಟು, ಪಕ್ಕದ ಮನೆಯ ಪಾರಕ್ಕನನ್ನು ಕೂಗಿ ಕರೆದು, “ನೋಡೇ ಪಾರಿ, ಇವರ ಮಗನಿಗೆ ಸರ್ಕಾರಿ ಕೆಲಸ ಆತಂತೆ” ಎನ್ನುತ್ತಾಳೆ. ಪಾರಕ್ಕ “ಒಳ್ಳೇದಾತು ಬಿಡ್ರಿ” ಎಂದು ನಗುವಷ್ಟರಲ್ಲಿ ಚೊಂಬು ಹಿಡಿಯಲಾಗದಷ್ಟು ತಣ್ಣಗಾಗಿರುತ್ತದೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಪಾರಕ್ಕನಿಗೂ ಒಂದು ಲೋಟ ಮಜ್ಜಿಗೆ ಸಿಗುತ್ತದೆ, ಬೆಚ್ಚಗಿನದು.

ಈಗ ಬಾರುಗಳು. ನಮ್ಮಲ್ಲಿ ಕುಡಿಯುವುದು ಕತ್ತಾಳೆ ಹೆಂಡ. ಊರ ಸುತ್ತ ಮುಳ್ಳು ಬಿಟ್ಟರೆ ಬೆಳೆಯುವುದು ಅದೊಂದೇ. ಬೆಚ್ಚಗೆ ಕುಡಿದರೆ ಗಂಟಲಿಗೆ ಗೋಂದು ಹಾಕಿದ ಹಾಗಿರುತ್ತದೆ, ತಣ್ಣಗೆ ಕುಡಿದರೆ ಸ್ವರ್ಗ. ಬಾರುಗಳ ಜಗಳವೆಲ್ಲ ತಂಪಿನದ್ದೇ. ರಾಜದರ್ಬಾರ್ ಎಂಬುದು ದೊಡ್ಡದು, ಲೋಟಕ್ಕೆ ನಲವತ್ತು ರೂಪಾಯಿ. ಅಲ್ಲಿ ಗೋಡೆಗೆ ಒಂದು ಬೆಂಚು ಹಾಕಿ, ಸಂಬಳ ಕೊಟ್ಟು ಕರುಬಾಳುಗಳನ್ನು ಕೂರಿಸಿದ್ದಾರೆ. ಬಂದ ಗಿರಾಕಿಯನ್ನು ನೋಡಿ ಉರಿದುಕೊಳ್ಳುವುದೇ ಅವರ ಕೆಲಸ. ಬೆಳಿಗ್ಗೆ ಚೆನ್ನಾಗಿ ಉರಿಯುತ್ತಾರೆ. ಆದರೆ ಸಾಹುಕಾರ ಒಳ್ಳೆಯವನು, ಮಧ್ಯಾಹ್ನ ಅವರಿಗೆ ಮುದ್ದೆ ಊಟ ಹಾಕಿಸುತ್ತಾನೆ. ಹೊಟ್ಟೆ ತುಂಬಿದ ಮೇಲೆ ಯಾರ ಮೇಲೆ ಕಿಚ್ಚು? ಮೂರು ಗಂಟೆಗೆ ಹೋದರೆ ನಲವತ್ತು ರೂಪಾಯಿಗೆ ಉಗುರುಬೆಚ್ಚಗಿನ ಹೆಂಡ. ಎರಡನೆಯದು ಕನ್ನಡಿ ಬಾರ್, ಇಪ್ಪತ್ತೈದು. ನಾಲ್ಕೂ ಗೋಡೆಗೆ ಕನ್ನಡಿ, ಒಬ್ಬರನ್ನೊಬ್ಬರು ಎಲ್ಲ ಮಗ್ಗುಲಿನಿಂದ ನೋಡಿ ಕರುಬಲಿ ಎಂದು. ಜನ ಮದುವೆ ವಾಚು, ಭಾವಮೈದುನನ ಶೂ ಎಲ್ಲ ಹಾಕಿಕೊಂಡು ಹೋಗುತ್ತಾರೆ. ಹೆಂಡಕ್ಕೆ ಮಾತ್ರ ನೀರು ಬೆರೆಸುತ್ತಾರೆ, ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಮೂರನೆಯದು ಬಸ್ ಸ್ಟ್ಯಾಂಡಿನ ಹಿಂದಿನ ಹಾಲಮ್ಮನ ಬಾರ್. ಹನ್ನೆರಡು ರೂಪಾಯಿ. ಹೆಂಡ ಎಂದರೆ ಅದು! ಹದವಾಗಿ ಹುಳಿ ಬಂದದ್ದು, ಮೇಲೆ ನೊರೆ, ಜೊತೆಗೆ ಹಾಲಮ್ಮನ ಮಗಳು ದೇವೀರಿ ಕೇಳದೆಯೇ ತಂದಿಡುವ ಖಾರದ ಮಂಡಕ್ಕಿ. ಆದರೆ ಅಲ್ಲಿಗೆ ಬರುವವರೆಲ್ಲ ಹಮಾಲರು, ಗಾಡಿಯವರು. ಎಲ್ಲರದ್ದೂ ಒಂದೇ ಕೂಲಿ, ಒಂದೇ ತರದ ಹರಕು ಬನಿಯನ್ನು. ಯಾರು ಯಾರನ್ನು ನೋಡಿ ಕರುಬಬೇಕು? ಹಾಗಾಗಿ ಊರಿನ ಅತ್ಯುತ್ತಮ ಹೆಂಡ ಊರಿನಲ್ಲೇ ಅತಿ ಬೆಚ್ಚಗೆ ಸಿಗುತ್ತಿತ್ತು, ಅಂಗಡಿ ಇವತ್ತೋ ನಾಳೆಯೋ ಮುಚ್ಚುವ ಹಾಗಿತ್ತು.

ಬಾರು ಬಾರು ಸುತ್ತಿ ಎಲ್ಲಿ ಎಷ್ಟು ಬೆಲೆ, ಆ ಬೆಲೆಗೆ ಎಷ್ಟು ತಂಪು, ಎಷ್ಟು ರುಚಿ ಎಂದು ತಾಳೆ ಹಾಕುವುದು ನನ್ನ ಹುಚ್ಚು. ಯಾರೂ ಹೇಳಿದ್ದಲ್ಲ, ಯಾರೂ ದುಡ್ಡು ಕೊಡುವುದಿಲ್ಲ. ಸಂತೆಯಲ್ಲಿ ನಿಂತು, ಕೇಳಿದವರಿಗೆ ಕೇಳದವರಿಗೆ ಎಲ್ಲರಿಗೂ ಹೇಳುತ್ತೇನೆ. ಜೊತೆಗೆ ಯಾವಾಗಲೂ ತಿಪ್ಪೇಶಿ. ಇಬ್ಬರೂ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ, ಚಡ್ಡಿ ಹಾಕುತ್ತಿದ್ದ ಕಾಲದಿಂದ ಗೆಳೆಯರು. ಒಂದೇ ಭಟ್ಟಿ, ಒಂದೇ ಕೂಲಿ, ಒಂದೇ ಹೊಗೆ. ಆದರೆ ಹೊಗೆ ಹೋಗುತ್ತಿದ್ದದ್ದು ನನ್ನ ಕಣ್ಣಿಗೆ ಮಾತ್ರ. ಅವನು ಶಿಳ್ಳೆ ಹಾಕುತ್ತ ಕೆಲಸ ಮಾಡುತ್ತಿದ್ದ. ಮೇಸ್ತ್ರಿ ಬೈದರೆ ನನಗೆ ಬೈಯುತ್ತಿದ್ದ, ಅವನ ಹೆಗಲ ಮೇಲೆ ಕೈ ಹಾಕುತ್ತಿದ್ದ. ಎಣ್ಣೆ ಕಾಣದಿದ್ದರೂ ಅವನ ಕೂದಲು ಮಿಂಚುತ್ತಿತ್ತು. ಮತ್ತೆ, ಹೇಳಿಯೇಬಿಡುತ್ತೇನೆ, ದೇವೀರಿ ಮಂಡಕ್ಕಿ ಹಾಕುವಾಗ ಅವನ ಕಡೆ ಒಂದು ಮುಷ್ಟಿ ಜಾಸ್ತಿ ಬೀಳುತ್ತಿತ್ತು. ನಾನು ಅದನ್ನು ನೋಡುತ್ತಿದ್ದೆ. ಪ್ರತಿ ಸಲ ನೋಡುತ್ತಿದ್ದೆ.

ಇಬ್ಬರದ್ದೂ ಸೇರಿಸಿದರೆ ಬಾರೊಂದರಲ್ಲಿ ಒಂದೇ ಲೋಟಕ್ಕಾಗುವಷ್ಟು ಕಾಸು. ಲೋಟ ತಿಪ್ಪೇಶಿ ಹಿಡಿಯುತ್ತಿದ್ದ, ಅವನು ಒಂದು ಗುಟುಕು, ನಾನು ಒಂದು ಗುಟುಕು. ಈ ಸಲದ ಬೇಸಿಗೆಯಲ್ಲಿ ಮೂರೂ ಬಾರು ಸುತ್ತಿ ನೋಡಿದರೆ ಮೂರರಲ್ಲೂ ಹೆಂಡ ಬಾವಿ ತಳದ ನೀರಿನಷ್ಟು ತಂಪು! ತಂಪು ಒಂದೇ ಆದ ಮೇಲೆ ನಲವತ್ತು ಯಾಕೆ ಕೊಡಬೇಕು? ನಾನು ಸಂತೆಯಲ್ಲಿ ಗಂಟಲು ಹರಿಯುವ ಹಾಗೆ ಕೂಗಿದೆ: “ಹಾಲಮ್ಮನ ಬಾರಿಗೆ ಹೋಗ್ರಪ್ಪೋ! ಹನ್ನೆರಡು ರೂಪಾಯಿಗೆ ಹಲ್ಲು ಉದುರೋ ತಂಪು! ಸುಳ್ಳಾದ್ರೆ ನನ್ ಹೆಸರು ಓಬಳೇಶ ಅಲ್ಲ!”

ಸಂಜೆಗೆ ಅರ್ಧ ಊರು ಹಾಲಮ್ಮನ ಬಾಗಿಲಲ್ಲಿ. ಕನ್ನಡಿ ಬಾರಿನ ಶೂ ಗಿರಾಕಿಗಳೂ ಬಂದರು. ಎಲ್ಲರಿಗೂ ಸಿಕ್ಕಿದ್ದು ಸ್ನಾನದ ನೀರಿನಂಥ ಹೆಂಡ. “ಎಲ್ಲಿ ಅವನು ಓಬಳೇಶ?” ಎಂದು ಗಲಾಟೆ ಎದ್ದಿತು. ಒಬ್ಬ ಲೋಟದಲ್ಲಿದ್ದುದನ್ನು ನೆಲಕ್ಕೆ ಚೆಲ್ಲಿದ. ಹಾಲಮ್ಮ ಸೌಟು ಹಿಡಿದು ನನ್ನತ್ತ ಬಂದಳು.

“ಯಾರ ಕೇಳ್ಕಂಡು ಡಂಗುರ ಹೊಡೆದ್ಯಲೇ ನೀನು? ಹತ್ತು ಜನ ಬತ್ತಿದ್ರು, ಹೆಂಗೋ ಮುದ್ದೆ ಸಾರು ನಡೀತಿತ್ತು. ಈಗ ಊರಿಗೆಲ್ಲ ನನ್ ಹೆಂಡ ಬಿಸಿ ಅಂತ ಗೊತ್ತಾತು!”

“ಅಕ್ಕಾ, ತಣ್ಣಗಿತ್ತಕ್ಕ, ಆಣೆ ಮಾಡ್ತೀನಿ! ತಿಪ್ಪೇಶಿ, ಹೇಳಲೇ!”

“ಹೌದು ಹಾಲಕ್ಕ,” ಎಂದ ತಿಪ್ಪೇಶಿ, ತನ್ನ ಕೈಯಲ್ಲಿದ್ದ ಲೋಟ ತೋರಿಸಿ. “ಈಗ್ಲೂ ತಣ್ಣಗೇ ಐತಲ್ಲ.”

ದೇವೀರಿ ಬಂದು ಅವನ ಲೋಟ ಮುಟ್ಟಿದಳು. ಆಮೇಲೆ ಪಕ್ಕದವನದ್ದು ಮುಟ್ಟಿದಳು. ಆಮೇಲೆ ನನ್ನ ಮುಖ ನೋಡಿದಳು. ಮರುದಿನ ಮಧ್ಯಾಹ್ನ ಅಂಗಡಿಯಲ್ಲಿ ನಾವಿಬ್ಬರೇ ಇದ್ದಾಗ ತಿಪ್ಪೇಶಿಗೆ ಒಂದು ಲೋಟ ಕೊಟ್ಟು, “ಓಬಳೇಶ, ಹೊರಗೋಗಿ ಅವ್ವಂಗೆ ಎಲೆ ಅಡಿಕೆ ತಗಂಬಾ” ಎಂದಳು. ತಂದುಕೊಟ್ಟೆ. “ಸುಣ್ಣ ಮರೆತ್ಯಲ್ಲ, ಇನ್ನೊಂದ್ಸಲ ಹೋಗು.” ಮತ್ತೆ ಹೋದೆ. ಎರಡು ಸಲವೂ ಬಂದು ನೋಡಿದರೆ ಅವಳ ಬೆರಳು ಅವನ ಲೋಟದ ಮೇಲಿತ್ತು. ಸಂಜೆ ನೀರಿನ ತೊಟ್ಟಿಯ ಹತ್ತಿರ ನನ್ನನ್ನು ಅಡ್ಡ ಹಾಕಿದಳು.

“ನೀನು ಹೋದ್ರೆ ಬೆಚ್ಚಗಾಗ್ತೈತೆ. ಬಂದ್ರೆ ತಣ್ಣಗಾಗ್ತೈತೆ. ಜೀವದ ಗೆಳೆಯ ಅಂತೀಯ, ಅವನ ಮ್ಯಾಲೆ ಏನು ನಿಂಗೆ ಅಷ್ಟೊಂದು ಹೊಟ್ಟೆಕಿಚ್ಚು?”

ಭೂಮಿ ಬಾಯಿ ಬಿಟ್ಟರೆ ಇಳಿದುಹೋಗೋಣ ಅನ್ನಿಸಿತು. “ಅವನ... ಅವನ ಕೂದ್ಲು,” ಎಂದೆ.

ಅವಳು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. “ಹೋಗೋ, ಕೂದ್ಲಿಗೆಲ್ಲ ಅಷ್ಟು ತಂಪಾಗಲ್ಲ.” ನಕ್ಕು ಮುಗಿಸಿ, ಮೆತ್ತಗೆ, “ತಿಪ್ಪೇಶಿಗೆ ಹೇಳಲ್ಲ ಬಿಡು. ಆದ್ರೆ ನಿನ್ ಕಿಚ್ಚು ಸುಮ್ನೆ ಹಾಳಾಗೋದು ಬ್ಯಾಡ” ಎಂದಳು.

ಉಪಾಯ ಅವಳದ್ದೇ. ದೊಡ್ಡ ಮಣ್ಣಿನ ಗಡಿಗೆಯ ತುಂಬ ಹೆಂಡ ತುಂಬಿಸಿ ಅಂಗಡಿಯ ನಡುವೆ ತಿಪ್ಪೇಶಿಯ ತೊಡೆಯ ಮೇಲೆ ಇಡುವುದು. ಅವನು ಅದನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದರೆ ಗಡಿಗೆ ಇಡೀ ಅವನ ಲೋಟವಾದಂತೆ. ಎದುರಿಗೆ ನಾನು. ಅದರೊಳಗಿಂದ ಮೊಗೆದು ಎಲ್ಲರಿಗೂ ಕೊಡುವುದು. ತಿಪ್ಪೇಶಿಗೆ ಹೇಳಿದ್ದು, ‘ನಿನ್ನ ಕೈಗುಣ ತಂಪು’ ಎಂದು. ಅವನು ನಂಬಿದ! ನಂಬುವುದಿರಲಿ, ಭಟ್ಟಿಯಲ್ಲಿ ಎಲ್ಲರಿಗೂ ಅಂಗೈ ತೋರಿಸಿಕೊಂಡು ಬಂದ. “ನೋಡಲೇ ಓಬಿ, ಈ ಗೆರೆ ಐತಲ್ಲ, ನಮ್ಮಜ್ಜನಿಗೂ ಹಿಂಗೇ ಇತ್ತಂತೆ. ತಂಪಿನ ಗೆರೆ!” ನನ್ನ ಕಿಚ್ಚಿನಿಂದ ನಡೆಯುವ ಅಂಗಡಿಯಲ್ಲಿ ಹೆಸರು ಅವನಿಗೆ. ಅದಕ್ಕೂ ನನಗೆ ಉರಿಯಿತು, ಗಡಿಗೆ ಇನ್ನಷ್ಟು ತಣ್ಣಗಾಯಿತು.

ಅಂಗಡಿ ಕುದುರಿತು ನೋಡಿ! ರಾಜದರ್ಬಾರಿನ ಸಾಹುಕಾರ ತನ್ನ ಕರುಬಾಳುಗಳ ಊಟ ನಿಲ್ಲಿಸಿದ, ಕನ್ನಡಿ ಬಾರಿನವನು ಬೆಲೆ ಇಳಿಸಿದ, ಆದರೂ ಜನ ಹಾಲಮ್ಮನಲ್ಲಿಗೇ. ಹಾಲಮ್ಮ ಹೊಸ ಬೆಂಚು ಮಾಡಿಸಿದಳು, ಬೆಲೆ ಮಾತ್ರ ಹನ್ನೆರಡರಿಂದ ಮೇಲೇರಿಸಲಿಲ್ಲ. “ಹಮಾಲರು ಬಿಟ್ಟೋದ್ರೆ ನನ್ ಅಂಗ್ಡಿ ಅಂಗ್ಡಿನೇ ಅಲ್ಲ” ಎಂದಳು. ನನ್ನ ತಲೆ ಸವರಿ, “ನಿನ್ ಡಂಗುರ ಕೊನೀಗೂ ನಿಜ ಆತಲ್ಲಪ್ಪ” ಎಂದಳು. ಅವಳಿಗೂ ಒಳಗಿನ ಗುಟ್ಟು ಗೊತ್ತಿರಲಿಲ್ಲ. ಜೀವದ ಗೆಳೆಯನ ಹೊಟ್ಟೆಯಲ್ಲಿ ಗಡಿಗೆಯಷ್ಟು ಕಿಚ್ಚಿದ್ದೀತೆಂದು ಯಾರಿಗೆ ಹೊಳೆಯಬೇಕು?

ಗುಟ್ಟು ಗೊತ್ತಿದ್ದದ್ದು ನನಗೆ ಮತ್ತು ದೇವೀರಿಗೆ. ಹೀಗೆ ಇಬ್ಬರಿಗೇ ಗೊತ್ತಿರುವುದರಲ್ಲಿ ಒಂದು ಸುಖ ಇದೆಯಲ್ಲ, ಅದೇ ತೊಂದರೆ ಆಯಿತು. ಒಂದು ಸಂಜೆ ತಿಪ್ಪೇಶಿ ತನ್ನ ಗೆರೆಯ ಪುರಾಣ ಬಿಚ್ಚಿದಾಗ ದೇವೀರಿ ನನ್ನ ಕಡೆ ನೋಡಿ ತುಟಿ ಕಚ್ಚಿ ನಗು ತಡೆದಳು. ಅಷ್ಟೇ. ಒಂದು ನೋಟ. ನನ್ನ ಹೊಟ್ಟೆ ಹೂವಾಯಿತು, ಗಡಿಗೆ ಬೆಚ್ಚಗಾಯಿತು. “ಏ, ಇದೇನು ಬಿಸಿ ಬಂತು?” ಎಂದು ಒಬ್ಬ ಹಮಾಲ ಕೂಗಿದ. ದೇವೀರಿ ತಕ್ಷಣ ಹೋಗಿ ತಿಪ್ಪೇಶಿಯ ಪಕ್ಕದಲ್ಲಿ ಕೂತು, ಅವನ ಹಣೆಯ ಬೆವರನ್ನು ತನ್ನ ಸೆರಗಿನಿಂದ ಒರೆಸಿದಳು. ಗಡಿಗೆ ಮತ್ತೆ ಬೆವರಿತು.

ಅಂದಿನಿಂದ ಅವಳು ನನ್ನ ಜೊತೆ ಮಾತು ನಿಲ್ಲಿಸಿದಳು. ನನ್ನ ಮುಂದೆ ಮಂಡಕ್ಕಿ ಕುಕ್ಕಿ ಹೋಗುತ್ತಿದ್ದಳು. ಅವನ ಪಕ್ಕದಲ್ಲಿ ಕೂರುತ್ತಿದ್ದಳು, ಗಡಿಗೆ ಹಿಡಿದು ಮರಗಟ್ಟಿದ ಅವನ ಬೆರಳುಗಳನ್ನು ತನ್ನ ಕೈಯಲ್ಲಿ ಉಜ್ಜುತ್ತಿದ್ದಳು. ವ್ಯಾಪಾರಕ್ಕೆ ಮಾಡುತ್ತಿದ್ದಾಳೆ, ವ್ಯಾಪಾರಕ್ಕೆ, ಎಂದು ನಾನು ನನಗೇ ಹೇಳಿಕೊಳ್ಳುತ್ತಿದ್ದೆ. ಹಾಗೆ ಹೇಳಿಕೊಂಡರೂ ಉರಿ ಇಳಿಯುತ್ತಿರಲಿಲ್ಲ. ಬೆರಳು ಉಜ್ಜುವುದಕ್ಕೆ ಅಷ್ಟು ಹೊತ್ತು ಯಾಕೆ ಬೇಕು? ಕಿರುಬೆರಳಿಗೆ ಯಾಕೆ ಎರಡು ಸಲ? ತಿಪ್ಪೇಶಿ ಕಿವಿಯಲ್ಲಿ ಏನೋ ಹೇಳಿದರೆ ಅವಳು ಯಾಕೆ ಹಾಗೆ ತಲೆ ತಗ್ಗಿಸಬೇಕು? ನಾನು ಎದುರಿಗೇ ಕೂತು ಎಲ್ಲವನ್ನೂ ನೋಡಬೇಕಿತ್ತು, ನೋಡುವುದೇ ನನ್ನ ಕೆಲಸವಾಗಿತ್ತು. ರಾಜದರ್ಬಾರಿನ ಕರುಬಾಳಿಗಾದರೂ ಸಂಬಳ ಬರುತ್ತದೆ.

ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಅವಳು ತೊಟ್ಟಿಯ ಹತ್ತಿರ ಗಡಿಗೆ ತೊಳೆಯುತ್ತಿದ್ದಳು. ನಾನು ಹಾದುಹೋಗುತ್ತಿದ್ದೆ. “ನಿಂತ್ಕ” ಎಂದಳು.

“ತಿಪ್ಪೇಶಿ ಕೇಳ್ದ. ಮದುವೆ ಆಗಾನ ಅಂತ. ನಾಳೆ ಹೇಳ್ತೀನಿ ಅಂದೀನಿ.”

ನಾನು ಹೊರಡಲೆಂದು ತಿರುಗಿದೆ.

“ನಂಗೆ ನೀನು ಇಷ್ಟ ಕಣೋ. ಅವತ್ತು ಇಲ್ಲೇ ನಿಂತು ಕೂದ್ಲು ಅಂತ ಸುಳ್ಳು ಹೇಳಿದ್ಯಲ್ಲ, ಅವತ್ತಿಂದ.” ಅವಳು ತಲೆ ಎತ್ತಲಿಲ್ಲ, ಗಡಿಗೆಯ ಒಳಗೆ ಕೈ ಹಾಕಿ ಉಜ್ಜುತ್ತಲೇ ಇದ್ದಳು. “ಆದ್ರೆ ನಿನ್ನ ಕಟ್ಕಂಡ್ರೆ ನಿಂಗೆ ಅವನ ಮ್ಯಾಲೆ ಯಾಕೆ ಕಿಚ್ಚು ಬರ್ತೈತೆ? ಗಡಿಗೆ ಬಿಸಿಯಾಗ್ತೈತೆ. ಅಂಗ್ಡಿ ಮುಚ್ಚೋಗ್ತೈತೆ. ನಮ್ಮವ್ವ ಹೋಗಿ ರಾಜದರ್ಬಾರಿನಾಗೆ ಲೋಟ ತೊಳೀಬೇಕು. ನೀನೇ ಹೇಳು, ನಾಳೆ ನಾನು ಏನನ್ಲಿ?”

ನನ್ನ ಜಾಗದಲ್ಲಿ ನಿಂತು ನೋಡಿ. ವರ್ಷಗಟ್ಟಲೆ ಕಾದ ಮಾತು ಬಂದದ್ದು ಹೀಗೆ, ಕೈಗೆ ಸಿಕ್ಕ ಕ್ಷಣವೇ ಬಿಟ್ಟುಕೊಡು ಎಂದು ಕೇಳುತ್ತ. ನನಗೆ ಹಾಲಮ್ಮ ತಲೆ ಸವರಿದ್ದು ನೆನಪಾಯಿತು. ದೊಡ್ಡ ಮನುಷ್ಯನ ಹಾಗೆ ಉಸಿರೆಳೆದು, “ತಿಪ್ಪೇಶಿನ್ನೇ ಕಟ್ಕ,” ಎಂದೆ. ಹೇಳಿ, ತಿರುಗಿ ನೋಡದೆ ನಡೆದೆ. ಬೀದಿಯ ತುಂಬ ನನಗೆ ನಾನೇ ಒಳ್ಳೆಯವನಾಗಿ ಕಾಣುತ್ತಿದ್ದೆ.

ಮರುದಿನ ಸಂಜೆ ಹಾಲಮ್ಮ ಎಲ್ಲರಿಗೂ ಬೆಲ್ಲ ಹಂಚಿ ಸುದ್ದಿ ಹೇಳಿದಳು. ಹಮಾಲರು ಶಿಳ್ಳೆ ಹೊಡೆದರು. ತಿಪ್ಪೇಶಿ ಹೊಸ ಅಂಗಿ ಹಾಕಿಕೊಂಡು ಗಡಿಗೆ ತಬ್ಬಿ ಕೂತ, ಅವನಿಗೆ ಒರಗಿಕೊಂಡು ದೇವೀರಿ. ಎದುರಿಗೆ ನಾನು. ಇವತ್ತು ಗಡಿಗೆ ಸಿಡಿದೇ ಹೋಗಬಹುದು ಎಂದುಕೊಂಡು ಅವನನ್ನು ನೋಡಿದೆ. ನೋಡಿದರೆ, ಪಾಪ ಅನ್ನಿಸಿತು! ಅವನ ಮಿಂಚುವ ಕೂದಲು, ಅವನ ಸುಳ್ಳು ಗೆರೆ, ಅವನಿಗೆ ಒರಗಿ ಕೂತ, ಮನಸ್ಸಿನಲ್ಲಿ ನನ್ನವಳಾದ ಹುಡುಗಿ. ಅವನ ಹತ್ತಿರ ನನಗೆ ಬೇಕಾದದ್ದು ಏನೂ ಉಳಿದಿರಲಿಲ್ಲ.

ಮೊದಲ ಲೋಟ ಕುಡಿದವನು ತೂ ಎಂದು ಉಗಿದ. “ಬಿಸಿ!”

“ತಡೀರಪ್ಪ, ಈಗ ಶುರುವಾಗ್ತೈತೆ,” ಎಂದ ತಿಪ್ಪೇಶಿ. ಕೈ ಬದಲಿಸಿದ. ಅಂಗೈಯನ್ನು ತೊಡೆಗೆ ಒರೆಸಿ ಮತ್ತೆ ಹಿಡಿದ. ದೇವೀರಿ ಅವನ ಕೆನ್ನೆ ಮುಟ್ಟಿದಳು, ಅವನ ಹೆಗಲ ಮೇಲೆ ತಲೆ ಇಟ್ಟಳು, ಕೊನೆಗೆ ನನ್ನನ್ನೇ ದಿಟ್ಟಿಸಿ ನೋಡಿದಳು. ನಾನು ಕರುಬಲು ಒದ್ದಾಡಿದೆ, ಹಲ್ಲು ಕಚ್ಚಿದೆ, ಹಳೆಯದ್ದೆಲ್ಲ ನೆನಪು ಮಾಡಿಕೊಂಡೆ. ಎಲ್ಲ ಸಿಹಿಯಾಗಿಯೇ ನೆನಪಾಯಿತು. ಗಡಿಗೆ ಸ್ನಾನದ ನೀರು. ಆ ವಾರವೆಲ್ಲ ಹಾಗೇ ಆಯಿತು. ಶೂ ಗಿರಾಕಿಗಳು ಮೊದಲು ಹೋದರು, ಆಮೇಲೆ ಉಳಿದವರು. ತಿಪ್ಪೇಶಿ ಭಟ್ಟಿಯಲ್ಲಿ ಶಿಳ್ಳೆ ಹಾಕುವುದನ್ನು ಬಿಟ್ಟ. “ಮದುವೆ ಮಾತಾದ್ ಕೂಡ್ಲೇ ಕೈಗುಣ ಹೋತು ಅಂದ್ರೆ ಏನರ್ಥಲೇ ಓಬಿ?” ಎಂದು ಕೇಳಿದ, ಅಂಗೈ ನೋಡಿಕೊಳ್ಳುತ್ತ. “ಅವಳನ್ನ ಕಟ್ಕಳ್ಳೋ ಯೋಗ್ಯತೆ ನಂಗಿಲ್ಲ ಅಂತ ಇರ್ಬೇಕು.” ಹಾಲಮ್ಮ ಹೊಸ ಬೆಂಚು ಮಾರಲು ಗಿರಾಕಿ ನೋಡುತ್ತಿದ್ದಳು.

ಆಗ ದೇವೀರಿ ನನ್ನನ್ನು ಮತ್ತೆ ತೊಟ್ಟಿಯ ಹತ್ತಿರ ಕರೆದಳು. ಈ ಸಲ ಅವಳ ಕೈಯಲ್ಲಿ ಕೆಲಸವಿರಲಿಲ್ಲ, ನೇರ ನನ್ನ ಕಣ್ಣಿಗೇ ಕಣ್ಣಿಟ್ಟು ಮಾತಾಡಿದಳು.

“ಅವತ್ತು ಹೇಳಿದ್ದು ಸುಳ್ಳು.”

“ಯಾವ್ದು?”

“ನೀನು ಇಷ್ಟ ಅಂದಿದ್ದು. ನಂಗೆ ಮೊದ್ಲಿಂದ್ಲೂ ತಿಪ್ಪೇಶಿನೇ. ನೀನು ಮುನಿಸ್ಕಂಡು ಅಂಗ್ಡಿ ಬಿಟ್ಟೋದ್ರೆ ಏನ್ಮಾಡೂದು ಅಂತ, ನಿನ್ ಬಾಯಿಂದ್ಲೇ ‘ಅವನ್ನ ಕಟ್ಕ’ ಅನ್ನಿಸ್ದೆ. ಅಷ್ಟೇ. ನಿನ್ನಂತೋನ್ನ ಯಾರು ಕಟ್ಕಂತಾರೆ, ಗೆಳೆಯನ ಮ್ಯಾಲೇ ಉರಿದು ಸಾಯೋನ್ನ?”

ಹೇಳಿ ಹೊರಟುಹೋದಳು.

ಆ ಸಂಜೆ ಅಂಗಡಿಗೆ ಹೋಗಿ ನನ್ನ ಜಾಗದಲ್ಲಿ ಕೂತೆ. ತಿಪ್ಪೇಶಿ ಸೋತ ಮುಖ ಹೊತ್ತುಕೊಂಡು ಗಡಿಗೆ ಹಿಡಿದ. ನಾನು ಅವನನ್ನು ಒಂದು ಸಲ ನೋಡಿದ್ದಷ್ಟೇ. “ಅಯ್ಯಪ್ಪೋ!” ಎಂದು ಅವನು ಕೈ ಕಿತ್ತುಕೊಂಡ. ಗಡಿಗೆಯ ಬಾಯಿಯ ಸುತ್ತ ಬೆಳ್ಳಗೆ ಏನೋ ಕಟ್ಟಿತ್ತು. ಹಮಾಲರಲ್ಲಿ ವಯಸ್ಸಾದವನೊಬ್ಬ ಅದನ್ನು ಉಗುರಿನಿಂದ ಕೆರೆದು ನಾಲಿಗೆಗೆ ಇಟ್ಟುಕೊಂಡು, “ಲೇ, ಇದು ಐಸು!” ಎಂದ. ನಮ್ಮೂರಿನಲ್ಲಿ ಹುಟ್ಟಿದ ಐಸನ್ನು ಅದಕ್ಕೆ ಮುಂಚೆ ಯಾರೂ ನೋಡಿರಲಿಲ್ಲ. ಬೀದಿಯವರೆಲ್ಲ ಓಡಿ ಬಂದರು. ಹಾಲಮ್ಮ ಅಳುತ್ತ ನಗುತ್ತಿದ್ದಳು. ತಿಪ್ಪೇಶಿ ತನ್ನ ಅಂಗೈಗೆ ಮುತ್ತು ಕೊಟ್ಟುಕೊಂಡ, ಟವೆಲ್ ಸುತ್ತಿಕೊಂಡು ಗಡಿಗೆಯನ್ನು ಮತ್ತೆ ತಬ್ಬಿದ. “ನೋಡ್ದೇನಲೇ ಓಬಿ! ವಾಪಸ್ ಬಂತು!”

ದೇವೀರಿ ಅವನ ಪಕ್ಕದಲ್ಲಿ ಕೂತಿದ್ದಳು. ನಗುತ್ತಿರಲಿಲ್ಲ. ನೆಲ ನೋಡುತ್ತಿದ್ದಳು.

ಈಗ ನನ್ನ ತಲೆಯಲ್ಲಿ ಸುತ್ತುತ್ತಿರುವುದು ಇದೊಂದೇ. ಅವಳು ಮೊದಲು ಹೇಳಿದ್ದು ಸುಳ್ಳೋ, ಆಮೇಲೆ ಹೇಳಿದ್ದು ಸುಳ್ಳೋ? ನನ್ನನ್ನು ಒಪ್ಪಿಸಲು ಮೊದಲನೆಯದನ್ನು ಹೇಳಿದ್ದರೆ, ನಾನು ಬರೀ ಅವಳ ಅಂಗಡಿಯ ಕರುಬಾಳು. ಗಡಿಗೆ ತಣ್ಣಗಾಗಲೆಂದು ಎರಡನೆಯದನ್ನು ಹೇಳಿದ್ದರೆ, ಅವಳು ನನ್ನ ಮೇಲಿನ ಆಸೆಯನ್ನು ತಾನೇ ಸುಟ್ಟುಕೊಂಡಿದ್ದಾಳೆ. ಕೇಳೋಣವೆಂದರೆ ಹೇಗೆ ಕೇಳಲಿ? ಅವಳು ನಿಜ ಹೇಳಿ ಅದು ನಾನು ಬಯಸಿದ್ದೇ ಆಗಿದ್ದರೆ, ಆ ಕ್ಷಣದಿಂದ ಅಂಗಡಿ ಬೆಚ್ಚಗೆ. ಮದುವೆ ಬರುವ ವಾರ. ಆ ದಿನ ಗಡಿಗೆಯ ಎದುರು ನಾನೇ ಕೂರಬೇಕೆಂದು ತಿಪ್ಪೇಶಿ ನನ್ನ ಎರಡೂ ಕೈ ಹಿಡಿದು ಕೇಳಿದ್ದಾನೆ. “ನೀನು ಎದುರಿಗಿದ್ರೆ ನಂಗೆ ಧೈರ್ಯ ಕಣಲೇ” ಎಂದ, ಪುಣ್ಯಾತ್ಮ.

ಐಸು ಕಟ್ಟಿದ ಆ ಸಂಜೆ ನಾನು ಏಳಲಿಲ್ಲ. ಬಾಗಿಲು ಕಾಣುತ್ತಿತ್ತು, ಎದ್ದರೆ ನಾಲ್ಕು ಹೆಜ್ಜೆ. ಹನ್ನೆರಡು ರೂಪಾಯಿ ತೆಗೆದು ಬೆಂಚಿನ ಮೇಲಿಟ್ಟು ಒಂದು ಲೋಟ ಕೇಳಿದೆ. ದೇವೀರಿಯೇ ಮೊಗೆದು ತಂದುಕೊಟ್ಟಳು, ಅವಳ ಕೆಂಪಗಾದ ಬೆರಳುಗಳು ಲೋಟವನ್ನು ತಕ್ಷಣ ಬಿಡಲಿಲ್ಲ. ಗಡಿಗೆಯ ತಂಪಿಗೋ ಏನೋ, ನಾನು ಕೇಳಲಿಲ್ಲ. ಒಂದೇ ಗುಟುಕಿಗೆ ಕುಡಿದೆ. ಎಲ್ಲ ಬಾರು ಸುತ್ತಿದವನು ಹೇಳುತ್ತಿದ್ದೇನೆ, ಆ ಬೆಲೆಗೆ ಅದಕ್ಕಿಂತ ಒಳ್ಳೆಯದು ಎಲ್ಲೂ ಸಿಗುವುದಿಲ್ಲ. ಕುಡಿದು, ಲೋಟ ಕೆಳಗಿಟ್ಟು, ತಿಪ್ಪೇಶಿಯನ್ನು ನೋಡುತ್ತ ಅಲ್ಲೇ ಕೂತೆ. ಅವಳಿಗಾಗಿ ಕೂತೆನೋ, ಅವಳ ಮೇಲಿನ ಸಿಟ್ಟಿಗೆ ಕೂತೆನೋ, ಇವತ್ತಿಗೂ ಗೊತ್ತಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?